ಬಟ್ಯಣ್ಣ ತಲೆಯಾಡಿಸಿದ್ದು

ಬಿಳಿ ಕೋಟಿನವರು ಎದುರು ನಿಂತರೆ ಸಾಕು, ಬಟ್ಯಣ್ಣನ ತಲೆ ತನ್ನಷ್ಟಕ್ಕೆ ಆಡುತ್ತದೆ. ಗಡಿನಾಡಿನ ಮುಳ್ಳೇರಿಯದ ಆಚೆ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿದು ಗಟ್ಟಿಯಾದ ಆಸಾಮಿ. ಆಸ್ಪತ್ರೆಯ ಮಂಚದಲ್ಲಿ ಮಾತ್ರ ಬೆಕ್ಕಿನ ಮರಿ. ಸಕ್ಕರೆ ಕಾಯಿಲೆಯಿಂದ ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ಡಾಕ್ಟರ್ ಲತೀಶ್ ಮಲಯಾಳದಲ್ಲಿ ಗಡಗಡ ವಿವರಿಸಿದರು. ತುಳು ಬಿಟ್ಟರೆ ಬೇರೇನೂ ಸರಿಯಾಗಿ ತಿಳಿಯದ ಬಟ್ಯಣ್ಣ ತಲೆಯಾಡಿಸಿದರು, ಕೇಳಿದಲ್ಲಿ ಹೆಬ್ಬೆಟ್ಟೂ ಒತ್ತಿದರು.

ಸಂಜೆ ಗಾಯದ ಕಟ್ಟು ಬದಲಿಸುತ್ತಾ ನರ್ಸ್ ದಮಯಂತಿ ತುಳುವಿನಲ್ಲಿ ಸುಮ್ಮನೆ ಕೇಳಿದಳು.

"ನಾಳೆ ಎಂತ ಮಾಡ್ತಾರೆ ಗೊತ್ತುಂಟಾ ಬಟ್ಯಣ್ಣ?"

"ತೊಳೆದು ಹೊಸ ಕಟ್ಟು ಹಾಕ್ತಾರಲ್ಲ ಸಿಸ್ಟರೇ?"

ದಮಯಂತಿಯ ಎದೆ ಧಸಕ್ಕೆಂದಿತು. ಬೆಳಿಗ್ಗೆ ಆ ಬೆರಳನ್ನು ಕತ್ತರಿಸುವುದಿತ್ತು! ಮರುಗಳಿಗೆ ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಡಾಕ್ಟರರ ಕೋಣೆಗೆ ನಡೆದಳು.

"ಅವರು ಒಪ್ಪಿದ್ದಾರಲ್ಲ, ತಲೆಯಾಡಿಸಿದರು," ಎಂದರು ಲತೀಶ್.

"ತಲೆಯನ್ನೇ ತೆಗೀತೇವೆ ಅಂದ್ರೂ ಆಡಿಸ್ತಾರೆ ಡಾಕ್ಟ್ರೇ. ಬೆರಳು ಹೋಗ್ತದೆ ಅಂತ ಆ ಮನುಷ್ಯನಿಗೆ ಗೊತ್ತೇ ಇಲ್ಲ. ನೀವು ಬಂದು ಹೇಳಿ, ನಾನು ತುಳುವಿನಲ್ಲಿ ಹೇಳ್ತೇನೆ. ಅದಾಗದೆ ಅವರನ್ನು ನಾನು ತಿಯೇಟರಿಗೆ ಕಳಿಸುವುದಿಲ್ಲ."

ಲತೀಶ್ ಹುಬ್ಬು ಗಂಟಿಕ್ಕಿದರು. ಆದರೂ ಬಂದರು, ಸ್ಟೂಲು ಎಳೆದು ಕೂತರು. ದಮಯಂತಿ ಒಂದೊಂದೇ ಮಾತನ್ನು ತುಳುವಿಗೆ ತಂದಳು. ಬೆರಳು ತೆಗೆಯದಿದ್ದರೆ ಪಾದಕ್ಕೇ ಅಪಾಯ. ತೆಗೆದರೆ ಪಾದ ಉಳಿಯುವ ಭರವಸೆ ಉಂಟು.

ಬಟ್ಯಣ್ಣನ ತಲೆ ಅಭ್ಯಾಸದಂತೆ ಅಲುಗಿ, ಅರ್ಧದಲ್ಲೇ ನಿಂತಿತು. 'ಆಯ್ತು ಅನ್ನಿ' ಎಂಬ ಮಾತು ದಮಯಂತಿಯ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಕಾಲು ಅವಳದಲ್ಲವಲ್ಲ.

"ಮತ್ತೆ ಕೋರೆಗೆ ಇಳಿಯಲಿಕ್ಕೆ ಆಗ್ತದಾ?" ಕೊನೆಗೆ ಬಟ್ಯಣ್ಣ ಕೇಳಿದರು. ದಮಯಂತಿ ಅದನ್ನು ಡಾಕ್ಟರರಿಗೆ ದಾಟಿಸಿದಳು.

"ಗಾಯ ಪೂರಾ ಒಣಗಲಿ, ಆಮೇಲೆ ನೋಡುವ. ಬರಿಗಾಲಲ್ಲಿ ಮಾತ್ರ ಬೇಡವೇ ಬೇಡ," ಎಂದರು ಡಾಕ್ಟರ್.

"ಹಾಗಾದ್ರೆ ತೆಗೀರಿ. ಆದ್ರೆ ಮಗಳು ಯಶ್ಮಿತಾ ಮಂಜೇಶ್ವರದಿಂದ ಬರ್ಬೇಕು. ಅವಳ ಮುಖ ನೋಡದೆ ನಾನು ಒಳಗೆ ಹೋಗುವುದಿಲ್ಲ."

ಲತೀಶ್ ಗಡಿಯಾರ ನೋಡಿದರು, ಬಟ್ಯಣ್ಣನನ್ನು ನೋಡಿದರು. ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ದಮಯಂತಿ ಸಿರಿಂಜು ಹಿಡಿದು ಬಂದಳು. "ಕೈ ಕೊಡಿ ಬಟ್ಯಣ್ಣ."

ಬಂದ ದಿನದಿಂದ ಕೇಳಿದಾಗಲೆಲ್ಲ ಚಾಚುತ್ತಿದ್ದ ಕೈಯನ್ನು ಬಟ್ಯಣ್ಣ ಹೊದಿಕೆಯೊಳಗೆ ಎಳೆದುಕೊಂಡರು.

"ಇದು ಎಂತದ್ದು? ಮೊದಲು ಹೇಳಿ."

ದಮಯಂತಿಯ ಕೆನ್ನೆ ಬಿಸಿಯಾಯಿತು. ಇಷ್ಟು ದಿನ ತಾನೂ ಹೇಳಿರಲಿಲ್ಲ. ಹಿಂದೆಯೇ ತಡೆಯಲಾರದಷ್ಟು ಖುಷಿ ಉಕ್ಕಿತು. ಸಿರಿಂಜನ್ನು ಟ್ರೇಯಲ್ಲಿಟ್ಟು, ಡಾಕ್ಟರ್ ಕೂತಿದ್ದ ಸ್ಟೂಲನ್ನು ಎಳೆದು ಕೂತಳು.