ಕದಲದ ಕುದುರೆ

ಅತ್ತೆ ಊಟ ಬಿಟ್ಟಿದ್ದರು. ರಕ್ತದ ಕಾಯಿಲೆಯೆಂದು ಅವರನ್ನು ಆಸ್ಪತ್ರೆಯ ಒಂಟಿ ಕೋಣೆಯಲ್ಲಿಟ್ಟಿದ್ದರು; ಸೋಂಕಿನ ಭಯಕ್ಕೆ ಹೆತ್ತ ಮಗಳಿಗೂ ಒಳಗೆ ಪ್ರವೇಶವಿರಲಿಲ್ಲ. "ತೂಕ ಹೀಗೇ ಇಳೀತಾ ಹೋದ್ರೆ ಮುಂದಿನ ಔಷಧಿ ಕೊಡೋಕಾಗಲ್ಲ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಅತ್ತೆಗೆ ಏನು ಬೇಕೆಂದು ಅಳಿಯನಿಗೆ ಗೊತ್ತಿತ್ತು. ದಿನಾ ಸಂಜೆ ಕಿಟಕಿ ಪಕ್ಕದ ಮೇಜಿನೆದುರು ಕೂತು, ಚದುರಂಗದಲ್ಲಿ ಅಳಿಯನನ್ನು ಮಣ್ಣುಮುಕ್ಕಿಸಿದ ಮೇಲೆಯೇ ಅವರು ತಟ್ಟೆಗೆ ಕೈ ಹಾಕುತ್ತಿದ್ದುದು. ಫೋನಿನಲ್ಲಿ ಆಡೋಣವೆಂದರೆ, "ಗಾಜು ಉಜ್ಜೋದೂ ಒಂದು ಆಟವಾ?" ಎಂದು ಮೂಗು ಮುರಿದಿದ್ದರು.

ಅಳಿಯನ ಕಸುಬು ಮೇಜು, ಕಪಾಟುಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವುದು. ಹುಡುಕುತ್ತಾ ಹೋದಾಗ ಅವನಿಗೊಂದು ಮುಕ್ತ ತಂತ್ರಾಂಶ ಸಿಕ್ಕಿತು. ವಿಆರ್ ಕನ್ನಡಕ ಹಾಕಿಕೊಂಡರೆ, ಎಲ್ಲೆಲ್ಲೋ ಇರುವವರು ಒಂದೇ ಕೋಣೆಯಲ್ಲಿ ಎದುರುಬದುರು ಕೂರುವಂತೆ ಮಾಡುವ ಚೌಕಟ್ಟು ಅದು. ಕಂಡು ಕೇಳರಿಯದ ಯಾರ್ಯಾರೋ ಬರೆದು, ಬೇಕಾದವರು ಬಳಸಿಕೊಳ್ಳಲಿ ಎಂದು ಪುಕ್ಕಟೆ ಬಿಟ್ಟಿದ್ದರು. ಅವನು ಅದರಲ್ಲಿ ಮನೆಯ ಹಜಾರವನ್ನೇ ಕಟ್ಟಿದ: ಕಿಟಕಿ, ಸವೆದ ಕುರ್ಚಿ, ಅತ್ತೆಯ ದಿಂಬು, ಚದುರಂಗದ ಮಣೆ.

ನರ್ಸ್ ಅತ್ತೆಗೆ ಕನ್ನಡಕ ತೊಡಿಸಿದಳು; ಇತ್ತ ಮನೆಯಲ್ಲಿ ಅಳಿಯನೂ ಒಂದನ್ನು ಹಾಕಿಕೊಂಡು ಕೂತ. "ಅಯ್ಯೋ, ನಮ್ಮನೆ!" ಎಂದರು ಅತ್ತೆ. ಆ ದನಿ ಕೇಳಿ ಅಳಿಯನ ಜೀವ ತಂಪಾಯಿತು.

"ಕುದುರೆ ಬಿಟ್ಟಿದ್ದೀನಿ, ಆಡು."

ಅವರ ಕೈ ಆಡಿದ್ದು ಅಳಿಯನಿಗೆ ಕಂಡಿತ್ತು. ಕುದುರೆ ಮಾತ್ರ ಲಾಯದಲ್ಲೇ ನಿಂತಿತ್ತು. "ಎಲ್ಲಿ ಬಿಟ್ರಿ? ಇದ್ದಲ್ಲೇ ಇದೆಯಲ್ಲ!"

"ಅಷ್ಟು ದೊಡ್ಡ ಕನ್ನಡಕ ಹಾಕ್ಕೊಂಡೂ ಕಾಣಲ್ವಾ? ಸೋಲೋಕೆ ಮುಂಚೇನೇ ತಕರಾರಾ?"

ಅಳಿಯ ತನ್ನ ಕಾಯಿ ನಡೆಸಿದ. ಅದು ಅತ್ತೆಗೆ ಕಾಣಲಿಲ್ಲ. "ಕಾಯಿಲೆಯವಳು ಅಂತ ನನ್ನನ್ನೇ ಆಟ ಆಡಿಸ್ತೀಯಾ? ಸಾಕು, ನಂಗೇನೂ ಬೇಡ" ಎಂದು ಕನ್ನಡಕ ಕಿತ್ತಿಟ್ಟರು. ಆ ಹೊತ್ತಿನ ತಟ್ಟೆಯೂ ಹಾಗೇ ವಾಪಸು ಹೋಯಿತು.

ಅಳಿಯ ಆ ತಂತ್ರಾಂಶ ಬಳಸುವವರ ಚರ್ಚಾಕಟ್ಟೆಯಲ್ಲಿ ಗೋಳು ತೋಡಿಕೊಂಡ. ಕುಡಿಯುತ್ತಿದ್ದ ಕಾಫಿ ಆರುವ ಮೊದಲೇ ಯಾರೋ ಉತ್ತರಿಸಿದ್ದರು: "ಆಟಗಾರರ ತಲೆ, ಕೈ ಅಲುಗೋದನ್ನ ಇಬ್ಬರ ಕನ್ನಡಕಕ್ಕೂ ಹಂಚಿದ್ದೀರಿ, ಕಾಯಿಗಳನ್ನ ಹಂಚಿಲ್ಲ. ಅದಕ್ಕೇ ಒಬ್ಬರು ನಡೆಸಿದ್ದು ಇನ್ನೊಬ್ಬರಿಗೆ ಕಾಣ್ತಿಲ್ಲ. ಮೇಜು ಕುರ್ಚಿ ಹಂಚದಿದ್ರೂ ನಡೆಯುತ್ತೆ, ಕದಲೋ ವಸ್ತುನ ಹಂಚಲೇಬೇಕು." ಕೆಳಗೆ, ತಂತ್ರಾಂಶಕ್ಕೆ ಸೇರಿಸಬೇಕಾದ ಕೋಡ್ ಸಾಲನ್ನೂ ಬರೆದಿದ್ದರು.

ಅಳಿಯ ಹಣೆ ಚಚ್ಚಿಕೊಂಡ. ಇಷ್ಟು ವರ್ಷ ಇಟ್ಟಲ್ಲೇ ಇರುವ ಸಾಮಾನು ಮಾಡಿದ ಮಹಾರಾಯ, ಕುದುರೆಯನ್ನೂ ಕಪಾಟಿನಂತೆ ನಿಲ್ಲಿಸಿಬಿಟ್ಟಿದ್ದ!

ಮರುದಿನ ನರ್ಸ್ ಗೋಗರೆದ ಮೇಲೆ ಅತ್ತೆ ಒಪ್ಪಿದರು. ಅವರ ಕೈ ಆಡಿತು. ಕುದುರೆ ಛಂಗನೆ ಮುಂದೆ ಬಂತು.

"ಬಂತು ಅತ್ತೆ! ಕುದುರೆ ಬಂತು!" ಅಳಿಯ ಕೂಗಿಯೇಬಿಟ್ಟ.

"ಬರದೆ ಏನು? ಬಾಯಿ ಮುಚ್ಕೊಂಡು ಆಡು."

ಅವನು ಪ್ರಾಮಾಣಿಕವಾಗಿಯೇ ಸೋತ. ಅತ್ತೆ ಮನಸಾರೆ ನಕ್ಕು, "ಊಟ ತಗೊಂಡ್ಬಾರಮ್ಮ" ಎಂದು ನರ್ಸಿಗೆ ಹೇಳಿದರು. ಹೊರಗೆ ಗಾಜಿನಾಚೆ ನಿಂತಿದ್ದ ಮಗಳು ಕಣ್ಣೊರೆಸಿಕೊಂಡಳು.

ಆ ಅಪರಿಚಿತರಿಗೆ ಅಳಿಯ ಉದ್ದಕ್ಕೆ ಕೃತಜ್ಞತೆ ಬರೆದ. "ನಂಗೆ ಥ್ಯಾಂಕ್ಸ್ ಬೇಡ, ನೀವು ಎಡವಿದ್ದನ್ನ ಈ ತಂತ್ರಾಂಶದ ಕೈಪಿಡಿಗೆ ಸೇರಿಸಿ. ಹಿಂದೆ ಬರೋರು ಎಡವದಿರಲಿ" ಎಂಬ ಉತ್ತರ ಬಂತು. ಅವನು ಸೇರಿಸಿದ.

ಮಾರನೆಯ ಸಂಜೆ ಇದನ್ನೆಲ್ಲ ಕೇಳಿ ಅತ್ತೆ ಕುದುರೆಯನ್ನು ಎತ್ತಿದವರು ಹಾಗೇ ಹಿಡಿದುಕೊಂಡು ಕೂತರು.

"ಅವರಿಗೆ ಚದುರಂಗ ಬರುತ್ತಾ ಕೇಳು. ಬರೋದಾದ್ರೆ ಇಲ್ಲಿ ಇನ್ನೊಂದು ಕುರ್ಚಿ ಹಾಕು. ಅವರ ಹತ್ರ ಮೊದಲನೇ ಆಟ ನಾನೇ ಸೋತ್ಕೊಡ್ತೀನಿ."