ನಿಲ್ಲದ ಹುಡುಗನ ಫೋಟೋ

"ಫೋಟೋ ಭಾಳ ಚಲೋ ಬಂದೈತ್ರಿ ಅಕ್ಕಾರ," ಎಂದಳು ಬಂಡೆಮ್ಮ. ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಆಮೇಲೆಯೇ ಆ ಫೋಟೋವನ್ನು ಕೈಗೆ ತೆಗೆದುಕೊಂಡಿದ್ದಳು. ಬಹಳ ಹೊತ್ತು ನೋಡಿದಳು. "ಆದ್ರ ಖರೇ ಹೇಳ್ಬೇಕಂದ್ರ, ಇಂವ ನಮ್ಮ ಬಸು ಅಲ್ರಿ," ಎಂದಳು.

ಗುಣವತಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಫೋಟೋದಲ್ಲಿದ್ದವನು ಬಂಡೆಮ್ಮನ ಆರು ವರ್ಷದ ಮಗ ಬಸುವೇ. ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಮುಖಕ್ಕೆ ಪೌಡರ್ ಬಳಿದು, ಎರಡೂ ಕೈಗಳನ್ನು ತೊಡೆಗೆ ಅಂಟಿಸಿಕೊಂಡು ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಬೇಕೆಂದರೆ ರೆಪ್ಪೆಯ ಕೂದಲು ಎಣಿಸಬಹುದು, ಅಷ್ಟು ಸ್ಪಷ್ಟ.

"ಮತ್ತ ಯಾರವಾ ಇಂವ?"

"ಮಾರಿ ಅವನದ ಐತ್ರಿ. ಆದ್ರ ನಮ್ಮ ಬಸು ಯಾವತ್ತರ ಹಿಂಗ ನಿಂತಾನೇನ್ರಿ? ಮಾಸ್ತರ ಕೈಲೆ ಹೊಡತಾ ತಿಂದು ನಿಂತ ಹುಡುಗನ್ನ ನೋಡಿದಂಗ ಆಗತೈತಿ."

ಮೆಹದಿಪಟ್ಟಣಂನಲ್ಲಿ ಗುಣವತಿಯ ಮನೆಯಿದ್ದ ಕಾಲೊನಿಯ ಹಿಂದೆ ಏಳುತ್ತಿದ್ದ ಅಪಾರ್ಟ್‌ಮೆಂಟಿಗೆ ಬಂಡೆಮ್ಮ ಮತ್ತು ಅವಳ ಗಂಡ ಲಿಂಗಣ್ಣ ಎರಡು ವರ್ಷದಿಂದ ದುಡಿಯುತ್ತಿದ್ದರು. ಸುರಪುರದ ಕಡೆಯವರು. ಆ ತೆಲುಗು ಊರಿನಲ್ಲಿ ನೀರು ತುಂಬಲು ಬಂದವಳ ಬಾಯಲ್ಲಿ ಕನ್ನಡ ಕೇಳಿ ಗದಗಿನ ಗುಣವತಿ ಗೇಟು ತೆರೆದದ್ದು, ಆಮೇಲೆ ಆ ಗೇಟು ಬಂಡೆಮ್ಮನಿಗೆ ಮುಚ್ಚಿದ್ದೇ ಇಲ್ಲ. ಈಗ ಕಟ್ಟಡ ಮುಗಿಯುತ್ತ ಬಂದಿತ್ತು. ಮುಂದಿನ ಕೆಲಸ ಎಲ್ಲೋ, ಯಾವ ಊರೋ. ಹುಡುಗನ ಶಾಲೆ ಹಾಳಾಗುತ್ತದೆಂದು ಅವನನ್ನು ಸುರಪುರದ ಹಾಸ್ಟೆಲ್ಲಿಗೆ ಸೇರಿಸುವುದೆಂದು ಗಂಡಹೆಂಡತಿ ನಿಶ್ಚಯಿಸಿದ್ದರು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಲಿಂಗಣ್ಣ ಅವನನ್ನು ಕರೆದುಕೊಂಡು ಹೋಗುವವನು. ದೀಪಾವಳಿಯವರೆಗೆ ಬಂಡೆಮ್ಮ ಮಗನ ಮುಖ ನೋಡುವಂತಿರಲಿಲ್ಲ. ಅದಕ್ಕೇ ಅವಳಿಗೆ ಒಂದು ಫೋಟೋ ಬೇಕಾಗಿತ್ತು.

ಲಿಂಗಣ್ಣನ ಮೊಬೈಲಿನಲ್ಲಿ ಬಸುವಿನ ಫೋಟೋಗಳಿಗೇನೂ ಬರವಿರಲಿಲ್ಲ. ಬರವಿದ್ದದ್ದು ಮುಖಕ್ಕೆ. ಒಂದರಲ್ಲಿ ಒಂದು ಕಾಲು, ಇನ್ನೊಂದರಲ್ಲಿ ಅಂಗಿಯ ತುದಿ, ಮತ್ತೊಂದರಲ್ಲಿ ಬಣ್ಣ ಕಲಸಿಹೋದಂಥ ಗೀಟು. ಹುಡುಗ ಎದ್ದನೆಂದರೆ ಓಡುತ್ತಿದ್ದ, ಓಟ ನಿಂತಿತೆಂದರೆ ಮಲಗಿದ್ದಾನೆಂದೇ ಅರ್ಥ. ಮಲಗಿದ ಮಕ್ಕಳ ಫೋಟೋ ತೆಗೆಯಬಾರದು, ಅಪಶಕುನ. ಇದನ್ನು ಬಂಡೆಮ್ಮ ಗುಣವತಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗದಗಿನಲ್ಲೂ ಯಾವ ತಾಯಿಯೂ ಅದಕ್ಕೆ ಒಪ್ಪುವವಳಲ್ಲ.

ಗುಣವತಿ ಸುಮ್ಮನೆ ಹವ್ಯಾಸಕ್ಕೆ ಕ್ಯಾಮರಾ ಹಿಡಿದವಳಲ್ಲ. ರಕ್ಷಣಾ ಇಲಾಖೆಯ ಲೋಹದ ಪ್ರಯೋಗಾಲಯದಲ್ಲಿ ಮೂವತ್ತೆರಡು ವರ್ಷ ಫೋಟೋ ತೆಗೆದು ಹಿಂದಿನ ವರ್ಷವಷ್ಟೇ ನಿವೃತ್ತಳಾಗಿದ್ದಳು. ಮುರಿದ ಬೋಲ್ಟು, ಸೀಳಿದ ಕೊಳವೆ, ಬಿರುಕು ಬಿಟ್ಟ ವಿಮಾನದ ರೆಕ್ಕೆಯ ತುಂಡು ಅವಳ ಮೇಜಿಗೆ ಬರುತ್ತಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಉಕ್ಕಿನ ಸ್ಕೇಲ್ ಇಟ್ಟು, ಉಸಿರು ಬಿಗಿಹಿಡಿದು, ಒಂದೊಂದು ಫೋಟೋಕ್ಕೆ ಅರ್ಧ ತಾಸು ತೆಗೆದುಕೊಳ್ಳುತ್ತಿದ್ದಳು. ಅವಳ ಪಾಲಿಗೆ ಬಂದ ವಸ್ತುಗಳಲ್ಲಿ ಒಂದಾದರೂ ಅಲ್ಲಾಡಿದ್ದಿಲ್ಲ. ತಂಗಿಯ ಮೊಮ್ಮಗಳ ತೊಟ್ಟಿಲ ಕಾರ್ಯದಲ್ಲಿ ಅವಳು ತೆಗೆದ ಫೋಟೋ ನೋಡಿ, "ಕೂಸಿನ ತೂಕ ಎಷ್ಟಂತ ಯಾಕ ಬರದಿಲ್ಲ?" ಎಂದು ನೆಂಟರು ಇವತ್ತಿಗೂ ಕಾಡುತ್ತಾರೆ. ಬಸುವಿಗೂ ಅವಳು ಅದನ್ನೇ ಮಾಡಿದ್ದಳು. ಗೋಡೆಗೆ ನಿಲ್ಲಿಸಿ, "ಅಲ್ಲಾಡಬ್ಯಾಡ" ಎಂದಿದ್ದಳು.

"ಆತು," ಎಂದಳು ಗುಣವತಿ. "ಓಡಾಕತ್ತಾಗನ ತೆಗಿತೀನಿ. ಇವತ್ತಿನ್ನೂ ಮಂಗಳವಾರ."

ಹಾಗೆ ಹೇಳಿದ್ದು ಸುಲಭ. ಬಿರುಕುಗಳನ್ನು ಹತ್ತಿರದಿಂದ ನೋಡಲೆಂದೇ ಇದ್ದ ಅವಳ ಲೆನ್ಸು ಓಡುವ ಹುಡುಗನ ಎದುರು ಹಿಂದಕ್ಕೂ ಮುಂದಕ್ಕೂ ಗುರುಗುಟ್ಟುತ್ತ, ಅವನು ಮೂಲೆ ತಿರುಗಿ ಕಾಣದಾದ ಮೇಲೆ ಗೋಡೆಗೆ ಫೋಕಸ್ ಹಿಡಿಯಿತು.

ಮರುದಿನ ಅವಳು ಕೋಠಿಗೆ ಹೋದಳು. ಗುಜರಾತಿ ಗಲ್ಲಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿದರೆ ಪರಮೇಶನ ಅಂಗಡಿ. ಬೀದರಿನವನು, ಹಳೆಯ ಕ್ಯಾಮರಾ ರಿಪೇರಿ ಮಾಡುತ್ತಾನೆ, ಹೊಸವನ್ನು ಮಾರುತ್ತಾನೆ. ಗಿರಾಕಿಗಳೊಂದಿಗೆ ಹಿಂದಿ, ಫೋನಿನಲ್ಲಿ ತೆಲುಗು, ಗುಣವತಿಯೊಂದಿಗೆ ಕನ್ನಡ. ಓಡುವ ಹುಡುಗ ಎಂದು ಕೇಳಿದ ಕೂಡಲೇ ಗಾಜಿನ ಮೇಜಿನ ಮೇಲೆ ಎರಡು ಲೆನ್ಸು ತಂದಿಟ್ಟ. ಎರಡೂ ಎಂಬತ್ತೈದು ಎಂ.ಎಂ., ಮುಖದ ಫೋಟೋಕ್ಕೆಂದೇ ಮಾಡಿದವು. ಒಂದು ಬೆಳಕು ಹೆಚ್ಚು ಬಿಡುವ ಒನ್ ಪಾಯಿಂಟ್ ಫೋರ್, ಎತ್ತಿದರೆ ಮಣಿಕಟ್ಟು ಬಾಗುವಷ್ಟು ತೂಕ, ಒಳಗಿನ ಗಾಜು ಬಾವಿಯ ನೀರಿನಷ್ಟು ಆಳ. ಇನ್ನೊಂದು ಒನ್ ಪಾಯಿಂಟ್ ಎಯ್ಟ್, ಹಗುರ, ಹೊರಗೆಲ್ಲ ಪ್ಲಾಸ್ಟಿಕ್.

ಗುಣವತಿ ಬ್ಯಾಗಿನಿಂದ ಉಕ್ಕಿನ ಸ್ಕೇಲ್ ತೆಗೆದಳು. "ಟೇಪ್ ಐತೇನ್ರಿ?" ಎಂದು ಕೇಳಿ ಅದನ್ನು ಗೋಡೆಗೆ ಅಂಟಿಸಿದಳು. ಎರಡೂ ಲೆನ್ಸಿನಿಂದ ಅದೇ ಸ್ಕೇಲಿನ ಫೋಟೋ ತೆಗೆದು, ದೊಡ್ಡದು ಮಾಡಿ, ಕನ್ನಡಕ ಹಣೆಗೇರಿಸಿ ನೋಡಿದಳು. ಭಾರದ ಲೆನ್ಸಿನಲ್ಲಿ ಅರ್ಧ ಮಿಲಿಮೀಟರಿನ ಗೆರೆಗಳೂ ಬ್ಲೇಡಿನಿಂದ ಕೊಯ್ದಂತಿದ್ದವು. ಹಗುರದ್ದರಲ್ಲಿ ಅಂಚಿನ ಗೆರೆಗಳು ತುಸು ಮೆತ್ತಗೆ.

"ಮೇಡಮ್, ಹುಡುಗುರ ಫೋಟೋಕ್ಕ ಅಂದ್ರಿ," ಎಂದ ಪರಮೇಶ. "ಸಣ್ಣದು ನೋಡ್ರಿ. ಭಾಳ ಚುರುಕ ಅದ."

"ಗೆರಿ ನೋಡ್ರಿ ಪರಮೇಶ, ಗೆರಿ."

ಪರಮೇಶ ಗೆರೆ ನೋಡಿದ, ಗುಣವತಿಯ ಮುಖ ನೋಡಿದ, ವಾದ ಮಾಡಿ ಪ್ರಯೋಜನವಿಲ್ಲವೆಂದು ತಿಳಿದುಕೊಂಡ. "ಒಯ್ದು ನೋಡ್ರಿ. ಜಮಾಸಲಿಲ್ಲಾಂದ್ರ ವಾಪಸ್ ತರ್ರಿ, ಬದ್ಲಿ ಮಾಡಿ ಕೊಡ್ತೀನಿ," ಎಂದ.

ಗುರುವಾರವೂ ಶುಕ್ರವಾರವೂ ಗುಣವತಿ ಬಸುವಿನ ಹಿಂದೆ ಓಡಿದಳು. ಅಷ್ಟು ದೊಡ್ಡ ಗಾಜನ್ನು ಜರುಗಿಸಿ ಲೆನ್ಸು ಫೋಕಸ್ ಹಿಡಿಯುವಷ್ಟರಲ್ಲಿ ಹುಡುಗ ಇನ್ನೆಲ್ಲೋ ಇರುತ್ತಿದ್ದ. ಅವನ ಹಿಂದಿದ್ದ ಸಿಮೆಂಟ್ ಚೀಲದ ಮೇಲಿನ ಅಕ್ಷರ ಸೊಗಸಾಗಿ ಓದಲು ಬರುತ್ತಿತ್ತು. ಒಂದರಲ್ಲಿ ಅವನ ಎಡಗಿವಿ ಅದ್ಭುತವಾಗಿ ಬಂದಿತ್ತು. ನೂರಾರು ಫೋಟೋಗಳಲ್ಲಿ ಅವನ ಕಣ್ಣು ಮಾತ್ರ ಇರಲಿಲ್ಲ. ಶುಕ್ರವಾರ ಸಂಜೆ ಗುಣವತಿ ಮರಳ ಗುಡ್ಡೆಯ ಪಕ್ಕ ಏದುಸಿರು ಬಿಡುತ್ತ ಕುಳಿತಾಗ ಬಂಡೆಮ್ಮ ನೀರಿನ ತಂಬಿಗೆ ತಂದು ಕೊಟ್ಟಳು.

"ಹೋಗ್ಲಿ ಬಿಡ್ರಿ ಅಕ್ಕಾರ. ಎಷ್ಟಂತ ತ್ರಾಸ ತಗೋತೀರಿ? ಮನಸಿನ್ಯಾಗ ಐತಲ್ರಿ ಅವನ ಮಾರಿ." ಬೇರೆಲ್ಲೋ ನೋಡುತ್ತ ಹೇಳಿದಳು: "ನಮ್ಮವ್ವ ಸತ್ತು ನಾಕ್ ವರ್ಷ ಆತ್ರಿ. ಒಂದೂ ಫೋಟೋ ಇಲ್ಲ. ಮೊದಲ ದಿನಾ ಮಾರಿ ಕಣ್ಮುಂದ ಬರ್ತಿತ್ತು. ಈಗ ಬರೇ ಸೀರಿ ನೆನಪಿಗೆ ಬರ್ತೈತ್ರಿ."

ಗುಣವತಿ ತಂಬಿಗೆಯನ್ನು ಕೆಳಗಿಟ್ಟಳು. ಇದ್ದಬದ್ದ ವಿದ್ಯೆಯೆಲ್ಲ ಈ ಒಂದು ಕೆಲಸಕ್ಕೆ ಬಾರದೆ ಹೋಯಿತಲ್ಲ ಎಂದು ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

ಶನಿವಾರ ಅಂಗಡಿ ತೆರೆಯುವ ಮೊದಲೇ ಅವಳು ಪರಮೇಶನ ಮೆಟ್ಟಿಲ ಮೇಲೆ ಕುಳಿತಿದ್ದಳು. ಬ್ಯಾಗಿನಿಂದ ಭಾರದ ಲೆನ್ಸು ಹೊರಬಂದದ್ದೇ ಅವನಿಗೆ ಎಲ್ಲ ಅರ್ಥವಾಯಿತು.

"ಮೇಡಮ್, ಸಿಟ್ಟಿಗೇಳಬ್ಯಾಡ್ರಿ. ಹುಡುಗ ಏನ್ ಗ್ವಾಡಿಗಿ ಟೇಪ್ ಹಚ್ಕೊಂಡ್ ನಿಲ್ತಾನೇನ್ರಿ?"

ಗುಣವತಿ ಕ್ಯಾಮರಾವನ್ನು ಮೇಜಿನ ಮೇಲಿಟ್ಟಳು. ಪರಮೇಶ ಹಗುರದ ಲೆನ್ಸನ್ನು ಅವಳ ಕ್ಯಾಮರಾಕ್ಕೆ ತಿರುಗಿಸಿ ಕೂರಿಸಿದ, ಏನೇನೋ ಗುಂಡಿ ಒತ್ತಿದ, "ಈಗ ಇದು ಕಣ್ಣು ಹುಡುಕ್ತದ. ನೀವು ಹುಡುಕೋದು ಬ್ಯಾಡ," ಎಂದ. ಅಂಗಡಿಯ ಬಾಗಿಲ ಶಟರ್ ಅರ್ಧ ಎಳೆದು ಅವಳನ್ನು ಬಸ್‌ಸ್ಟಾಪಿಗೆ ಕರೆದುಕೊಂಡು ಹೋದ.

ಕೋಠಿಯ ಬಸ್ಸುಗಳು ನಿಲ್ಲುವುದೆಂದರೆ ನಿಧಾನವಾಗುವುದು ಎಂದಷ್ಟೇ ಅರ್ಥ. ಹತ್ತುವವರು ಓಡಿಕೊಂಡೇ ಹತ್ತಬೇಕು. ಔಷಧದ ಡಬ್ಬಿ ಹೊತ್ತವರು, ಪುಸ್ತಕದ ಕಟ್ಟು ಹಿಡಿದವರು, ಎಲ್ಲರೂ ಓಡುತ್ತಿದ್ದರು. ಗುಣವತಿ ಕ್ಯಾಮರಾ ಕಣ್ಣಿಗೆ ಹಿಡಿದಳು. ಟಿಫಿನ್ ಡಬ್ಬಿ ಹಿಡಿದ ಹೆಂಗಸೊಬ್ಬಳು ಜನರ ನಡುವಿನಿಂದ ಹೊರಬಿದ್ದು ಬಸ್ಸಿನ ಕಡೆ ಓಡಿಬಂದಳು. ಸಣ್ಣದೊಂದು ಹಸಿರು ಚೌಕ ಅವಳ ಕಣ್ಣಿನ ಮೇಲೆ ಹೋಗಿ ಕೂತಿತು. ಅವಳು ತಿರುಗಿದರೆ ಅದೂ ತಿರುಗಿತು, ಯಾರೋ ಅಡ್ಡ ಬಂದು ಸರಿದ ಕೂಡಲೇ ಮತ್ತೆ ಬಂದು ಕೂತಿತು. ಗುಣವತಿ ಬೆರಳು ಒತ್ತಿದಳು.

ಆಮೇಲೆ ಆ ಜಂಗುಳಿಯ ನಡುವೆಯೇ ನಿಂತು ನೋಡಿದಳು. ಹೆಂಗಸಿನ ಎರಡೂ ಪಾದಗಳು ನೆಲ ಬಿಟ್ಟಿದ್ದವು. ಒಂದು ಕೈ ಬಸ್ಸಿನ ಕಂಬಿಯನ್ನು ಇನ್ನೂ ಮುಟ್ಟಿರಲಿಲ್ಲ. ನೆಲಕ್ಕೂ ಬಸ್ಸಿಗೂ ಸೇರದ ಆ ಗಳಿಗೆಯಲ್ಲಿ ಅವಳ ಮುಖದಲ್ಲಿ ಭಯವೇ ಇರಲಿಲ್ಲ. ಹುಬ್ಬು ತುಸು ಏರಿ, ತುಟಿ ಬಿರಿದು, ಚಿಕ್ಕ ಹುಡುಗಿಯ ಖುಷಿಯಿತ್ತು. ಬಸ್ಸು ಹತ್ತಿದ ಮೇಲೆ ಆ ಖುಷಿ ಅವಳಿಗೇ ನೆನಪಿದ್ದಿರಲಾರದು. ಗುಣವತಿ ಮತ್ತೊಮ್ಮೆ ದೊಡ್ಡದು ಮಾಡಿ ನೋಡಿದಳು. ಇದೇ ಸ್ಟಾಪಿನಲ್ಲಿ ಎಷ್ಟು ವರ್ಷ ನಿಂತಿದ್ದೇನೆ, ಜನರ ಮುಖದಲ್ಲಿ ಇಂಥದ್ದೊಂದು ಬಂದು ಹೋಗುತ್ತದೆಂದು ಒಂದು ದಿನವೂ ಕಂಡಿಲ್ಲವಲ್ಲ! ಗೆರೆಗಳ ಮಾತು ಅವಳಿಗೆ ನೆನಪೂ ಆಗಲಿಲ್ಲ.

"ಇದನ್ನ ಕೊಡ್ರಿ," ಎಂದಳು.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ರಜೆ. ಲಿಂಗಣ್ಣ ಶೆಡ್ಡಿನ ಮುಂದೆ ತಗಡಿನ ಟ್ರಂಕಿಗೆ ಬಸುವಿನ ಹೆಸರು ಬರೆಸುತ್ತಿದ್ದ. ಬಂಡೆಮ್ಮ ಮಗನಿಗೆ ಪೌಡರ್ ಹಚ್ಚಲು ಹೋದಾಗ ಗುಣವತಿ ಬೇಡವೆಂದಳು.

"ಅವನಿಗೇನೂ ಹೇಳಬ್ಯಾಡ. ಬಿಟ್ಟುಬಿಡು."

ಬಿಟ್ಟದ್ದೇ ತಡ, ಬಸು ಮರಳ ಗುಡ್ಡೆ ಹತ್ತಿದ. ಗುಣವತಿ ಕೆಳಗೆ ಮಂಡಿಯೂರಿ ಕುಳಿತಳು. ಮೇಲಿನಿಂದ ಅವನು ಒಮ್ಮೆ ಕೇಕೆ ಹಾಕಿ, ಕೈ ಎರಡೂ ಅಗಲಿಸಿ, ಕೆಳಗೆ ಓಡಿಬಂದ. ಹಸಿರು ಚೌಕ ಅವನ ಕಣ್ಣನ್ನು ಹಿಡಿಯಿತು, ಬಿಡಲಿಲ್ಲ. ಗುಣವತಿಗೆ ಸುತ್ತಲಿನ ಸದ್ದೆಲ್ಲ ಅಡಗಿದಂತಾಯಿತು. ಹುಡುಗನ ಮುಖ ಚೌಕಟ್ಟನ್ನು ತುಂಬಿಕೊಳ್ಳುತ್ತ ಬರುತ್ತಿತ್ತು. ಬಿದ್ದುಹೋದ ಮುಂದಿನ ಹಲ್ಲಿನ ಜಾಗದಲ್ಲಿ ನಾಲಿಗೆಯ ತುದಿ, ಹುಬ್ಬಿನಲ್ಲಿ ಮರಳಿನ ಕಣ, ಕೆನ್ನೆಗೆ ಒಣಗಿದ ಸಿಮೆಂಟಿನ ಬೂದು ಪಟ್ಟಿ. ಎಲ್ಲಕ್ಕಿಂತ ಮಿಗಿಲಾಗಿ ಆ ಕಣ್ಣು! ಮುರಿದದ್ದನ್ನೇ ನೋಡುತ್ತ ಹಳೆಯದಾದ ತನ್ನ ಕಣ್ಣಿಗೆ ಇಂಥದ್ದೂ ಸಿಕ್ಕಿತಲ್ಲ ಎನಿಸಿ ಅವಳಿಗೆ ಅಳು ಉಕ್ಕಿತು. ಬೆರಳನ್ನು ಮಾತ್ರ ಗುಂಡಿಯಿಂದ ತೆಗೆಯಲಿಲ್ಲ, ಕ್ಯಾಮರಾ ಒಂದರ ಹಿಂದೊಂದು ಫೋಟೋ ತೆಗೆಯುತ್ತಲೇ ಹೋಯಿತು. ಬಸು ಅವಳ ಭುಜ ಸವರಿಕೊಂಡು ಹಿಂದಕ್ಕೆ ಓಡಿಹೋದ.

"ಬಾರವಾ ಬಂಡೆಮ್ಮ. ನೋಡು."

ಬಂಡೆಮ್ಮ ಬಂದು ಪಕ್ಕದಲ್ಲಿ ಮರಳಿನ ಮೇಲೆಯೇ ಕುಳಿತಳು. ಗುಣವತಿ ಕ್ಯಾಮರಾದ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಬಂಡೆಮ್ಮ ನೋಡಿದಳು. ಅವಳ ಬಾಯಿ ತಾನಾಗಿ ತೆರೆಯಿತು, ಮುಖ ಮಗನ ಮುಖದಂತೆಯೇ ಆಯಿತು.

"ಇಂವ ನೋಡ್ರಿ," ಎಂದಳು ಕಡೆಗೆ, ಪಿಸುಗುಟ್ಟಿದಂತೆ. "ಇಂವ ನಮ್ಮ ಬಸು."

ಆಮೇಲೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಪರದೆಯಲ್ಲಿದ್ದ ಮಗನ ಕೆನ್ನೆಯ ಸಿಮೆಂಟ್ ಪಟ್ಟಿಯನ್ನು ಒರೆಸಿದಳು. ಬೆರಳು ಜಾರಿದ್ದೇ ಪರದೆಯ ಮೇಲೆ ಮುಂದಿನ ಚಿತ್ರ ಬಂತು. ಬಸು ಒಂದು ಹೆಜ್ಜೆ ಹತ್ತಿರವಾದ. ಅವಳು ಬೆಚ್ಚಿ ಕೈ ಹಿಂದೆಗೆದಳು. ಮತ್ತೆ ಮೆಲ್ಲಗೆ ಸವರಿದಳು. ಇನ್ನೊಂದು ಹೆಜ್ಜೆ. ಅವಳು ನಗುತ್ತ ಸವರುತ್ತ ಹೋದಳು, ಹುಡುಗ ಅವಳ ಬೆರಳಿನ ಕೆಳಗೆ ಓಡಿಬರುತ್ತಲೇ ಇದ್ದ. ಕೊನೆಯದರಲ್ಲಿ ಅವನು ಇರಲಿಲ್ಲ. ಪರದೆಯ ತುಂಬ ಬರಿಯ ಮರಳು, ಅದರ ಮೇಲೆ ಪುಟ್ಟ ಹೆಜ್ಜೆಯ ಗುಳಿಗಳು.

ಬಂಡೆಮ್ಮನ ನಗು ನಿಂತಿತು. ಅವಸರದಿಂದ ಬೆರಳನ್ನು ಹಿಂದಕ್ಕೆ ಎಳೆದಳು. ಬಸು ಮತ್ತೆ ಬಂದ. ಅವಳು ಹೆಬ್ಬೆರಳನ್ನು ಅವನ ಮೇಲೆ ಒತ್ತಿಹಿಡಿದು, ಅಲ್ಲಾಡದೆ ಕುಳಿತಳು.