ಅಮಾವಾಸ್ಯೆಯ ಮಗ್ಗ

"ರೀ, ಬಂತು. ಬೇಗ ಬನ್ನಿ," ಎಂದಳು ವಿಜಯಮ್ಮ.

ಹೊನ್ನಯ್ಯ ಲಾಳಿಯ ಹಗ್ಗ ಬಿಟ್ಟ. ಮಗ್ಗದ ಗುಂಡಿಯಿಂದ ಕಾಲು ಮೇಲೆಳೆದುಕೊಂಡು, ಮಂಡಿಯಲ್ಲೇ ತೆವಳಿ ಬಂದು ಹೆಂಡತಿಯ ಹೊಟ್ಟೆಯ ಮೇಲೆ ಕೈ ಇಟ್ಟ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊಟ್ಟೆ ಕುಂಬಳಕಾಯಿಯ ಹಾಗೆ ಸುಮ್ಮನೆ ಕೂತಿತ್ತು. ಅವನು ಉಸಿರು ಹಿಡಿದು ಕಾದ. ಕೈಯನ್ನು ಆ ಕಡೆ ಇಟ್ಟು ನೋಡಿದ, ಈ ಕಡೆ ಇಟ್ಟು ನೋಡಿದ.

"ಎಲ್ಲಿ?"

"ಈಗ ಇಲ್ಲೇ ಒದೀತಿತ್ತು."

"ನೀನು ಸುಳ್ ಯೇಳ್ತೀಯ ಕಣೆ."

"ಸುಳ್ ಯೇಳುದ್ರೆ ನಂಗೇನ್ ಸಿಕ್ತದೆ? ಓಗಿ ಮಗ್ಗ ಆಡ್ಸಿ, ತಿರುಗಾ ಒದೀತದೆ."

ಹೊನ್ನಯ್ಯ ಗೊಣಗಿಕೊಂಡು ಗುಂಡಿಗೆ ಇಳಿದ. ಹಗ್ಗ ಎಳೆದ, ಲಾಳಿ ಓಡಿತು, ಎಳೆ ಒತ್ತುವ ಹಲಗೆ ದಡ್ ಎಂದು ಬಡಿಯಿತು. ನಾಲ್ಕು ಸಲ ಬಡಿಯುವುದರೊಳಗೆ ವಿಜಯಮ್ಮ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ಅವನಿಗೆ ಮೈ ಉರಿಯಿತು.

ಆ ಮನೆಯ ಕಷ್ಟವೇ ಅದು. ಮಗು ಅಲುಗಾಡುವುದು ಮಗ್ಗ ಆಡುವಾಗ ಮಾತ್ರ. ವಿಜಯಮ್ಮ ಗುಂಡಿಯ ಪಕ್ಕದಲ್ಲೇ ಮಣೆ ಹಾಕಿಕೊಂಡು ರಾಟೆ ತಿರುಗಿಸಿ, ಲಾಳಿಯೊಳಗಿಡುವ ಕಂಡಿಕೆಗಳಿಗೆ ರೇಷ್ಮೆ ಸುತ್ತುವವಳು. ಹಲಗೆ ಬಡಿದದ್ದು ನೆಲದಿಂದಲೇ ಅವಳ ಮೈಗೆ ಹತ್ತುತ್ತಿತ್ತು. ಹತ್ತಿದ ಕೂಡಲೇ ಒಳಗಿನದು ಎದ್ದು ಕೈಕಾಲು ಬಡಿಯುತ್ತಿತ್ತು. ಮಗ್ಗ ನಿಂತರೆ ತಾನೂ ನಿಲ್ಲುತ್ತಿತ್ತು. ನೇಯುವವನಿಗೆ ಒಂದು ಕೈ ಹಗ್ಗಕ್ಕೆ, ಇನ್ನೊಂದು ಹಲಗೆಗೆ, ಕಾಲೆರಡೂ ಗುಂಡಿಯೊಳಗೆ ತುಳಿಯುವುದಕ್ಕೆ. ಹೆಂಡತಿಯ ಹೊಟ್ಟೆ ಮುಟ್ಟಿ ನೋಡಲು ಮೂರನೆಯ ಕೈಯನ್ನು ದೇವರು ನೇಕಾರನಿಗೆ ಕೊಟ್ಟಿಲ್ಲ. ವಿಜಯಮ್ಮನ ಅತ್ತೆ ಮುಟ್ಟಿ ನೋಡಿದ್ದಳು. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯವರೂ ಮುಟ್ಟಿ ನೋಡಿ ಖುಷಿಪಟ್ಟು ಹೋಗಿದ್ದರು. ಅಪ್ಪನೊಬ್ಬನಿಗೆ ಮಾತ್ರ ಆ ಯೋಗ ಇಲ್ಲ. ಹುಟ್ಟುವ ಮೊದಲೇ ಅಪ್ಪನ್ನ ಆಟ ಆಡಿಸ್ತದೆ ಎಂದು ಬೀದಿಯ ಹೆಂಗಸರು ನಗುತ್ತಿದ್ದರು.

ಅಸಲಿಗೆ ವಿಜಯಮ್ಮ ಆ ಹೊತ್ತಿಗೆ ಕೊಳ್ಳೇಗಾಲದಲ್ಲೇ ಇರಬಾರದಿತ್ತು. ಏಳನೆಯ ತಿಂಗಳಲ್ಲಿ ತಾಯಿ ಬಂದು ತವರು ಮಾಂಬಳ್ಳಿಗೆ ಕರೆದುಕೊಂಡು ಹೋಗಬೇಕಿತ್ತು. ಆಯಮ್ಮ ದೊಡ್ಡ ಮಗಳ ಬಾಣಂತನಕ್ಕೆಂದು ಹೋದವಳು ಅಲ್ಲೇ ಸಿಕ್ಕಿಕೊಂಡಳು. ಎಂಟರಲ್ಲಿ ಬಸುರಿ ಊರು ದಾಟುವಂತಿಲ್ಲ, ಒಂಬತ್ತು ಬೀಳುವ ತನಕ ಕಾಯಬೇಕು. ಹೊನ್ನಯ್ಯನಿಗೆ ಇದರಿಂದ ಒಳಗೊಳಗೇ ಸಮಾಧಾನವಾಗಿತ್ತು, ಏಕೆಂದರೆ ಮಗ್ಗದ ಮೇಲಿದ್ದ ಸೀರೆ ಮುಗಿಯುವ ತನಕ ಕಂಡಿಕೆ ಸುತ್ತುವವರು ಬೇಕಿತ್ತು. ಆ ಸಮಾಧಾನವನ್ನು ಬಾಯಿಬಿಟ್ಟು ಹೇಳಿದ್ದು ತಪ್ಪಾಯಿತು. "ನಿಮ್ಗೆ ನಾನ್ ಬೇಕೋ, ಕಂಡಿಕೆ ಬೇಕೋ?" ಎಂದು ಅವಳು ಕೇಳಿದಳು. ಅವನು ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡ. ಮಾರನೆಯ ದಿನದಿಂದ ಬೀದಿಯ ನಲ್ಲಿಯಿಂದ ನೀರು ಹೊರುವ ಕೆಲಸ ಅವನ ಪಾಲಿಗೆ ಬಂತು. ಕೊಡ ಹೊತ್ತ ಗಂಡಸಿಗೆ ಹೆಂಗಸರು ಸಾಲು ಬಿಟ್ಟುಕೊಟ್ಟರು, ಜೊತೆಗೆ ಕೊಡದಡಿಗೆ ತಲೆಯ ಮೇಲಿಡುವ ಸಿಂಬಿ ಸುತ್ತುವುದು ಹೇಗೆ ಅಂತ ಪಾಠವನ್ನೂ ಹೇಳಿಕೊಟ್ಟರು.

ಹೀಗೆ ದಿನ ಹೋಗುತ್ತಿರುವಾಗ ಅಮಾವಾಸ್ಯೆ ಬಂತು.

ನೇಕಾರರ ಬೀದಿಯಲ್ಲಿ ಅಮಾವಾಸ್ಯೆಯ ದಿನ ಯಾರೂ ಗುಂಡಿಗೆ ಇಳಿಯುವುದಿಲ್ಲ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಕಚೇರಿಯ ಬೋರ್ಡು, ಭಾಷೆ, ಅಮಲ್ದಾರರು ಎಲ್ಲ ಬದಲಾಗಿದ್ದರೂ ಈ ಒಂದು ಕಟ್ಟಳೆಗೆ ಯಾವ ಸರ್ಕಾರವೂ ಕೈ ಹಚ್ಚಿರಲಿಲ್ಲ. ಬೆಳಿಗ್ಗೆ ಹೊನ್ನಯ್ಯನ ತಾಯಿ ಶಂಕರಮ್ಮ ಮಗ್ಗದ ಸುತ್ತ ಗುಡಿಸಿ, ಅದರ ಮರಕ್ಕೆ ಕುಂಕುಮ ಇಟ್ಟು, ಹೂವು ಸಿಕ್ಕಿಸಿ, ನೇಯ್ದಷ್ಟು ಸೀರೆಯ ಮೇಲೆ ಹಳೆಯ ಪಂಚೆ ಹೊದಿಸಿದಳು. ಬೀದಿಗೆ ಬೀದಿಯೇ ಸುಮ್ಮನಾಗಿತ್ತು. ಮಾದಪ್ಪನ ಬೆಟ್ಟಕ್ಕೆ ಜನ ತುಂಬಿಕೊಂಡು ಹನೂರಿನ ಕಡೆ ಹೋಗುವ ಬಸ್ಸುಗಳ ಹಾರನ್ನು ಮಾತ್ರ ಒಳಮನೆಯವರೆಗೂ ಕೇಳುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ವಿಜಯಮ್ಮ ಮುದ್ದೆ ಮುರಿಯಲಿಲ್ಲ. ಬೆರಳಿನಿಂದ ಸಾರು ತಿರುಗಿಸುತ್ತಾ ಕೂತಳು.

"ಯಾಕೆ, ಉಪ್ಪು ಕಮ್ಮಿಯಾ?" ಎಂದ ಹೊನ್ನಯ್ಯ.

"ನೆನ್ನೆ ಸಂಜೆಯಿಂದ ಅದು ಅಲ್ಲಾಡಿಲ್ಲ," ಎಂದಳು.

ಅವನು ಅನ್ನದ ಪಾತ್ರೆಯ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನಿನ್ನೆ ಮಧ್ಯಾಹ್ನದ ಮೇಲೆ ರೇಷ್ಮೆ ತರಲು ಸಾಹುಕಾರರ ಮನೆಗೆ ಹೋಗಿದ್ದ ಅವನು, ಮಗ್ಗ ಹೆಚ್ಚು ಆಡಿಸಿರಲಿಲ್ಲ. ಅದನ್ನೇ ಹೇಳಿದ. ಮಗ್ಗ ಇಲ್ಲದಿದ್ದರೆ ಅದು ಸುಮ್ಮನಿರುವುದು ಇದ್ದದ್ದೇ ಅಲ್ಲವೇ ಎಂದ.

"ಸುಮ್ನಿರೋದು ಬ್ಯಾರೆ, ಇದು ಬ್ಯಾರೆ," ಎಂದಳು ವಿಜಯಮ್ಮ. "ಮಗ್ಗ ನಿಂತಾಗ ಅದು ಮಲಗ್ಕಂಡದೆ ಅಂತ ನಂಗೆ ಗೊತ್ತಾಯ್ತದೆ. ಈಗ ಏನೂ ಗೊತ್ತಾಯ್ತಿಲ್ಲ. ಕಲ್ಲು ಇಟ್ಕಂಡಂಗದೆ."

ಶಂಕರಮ್ಮ ಒಲೆಯ ಮುಂದೆ ಕೂತಿದ್ದಳು, ತಿರುಗಿ ನೋಡಲಿಲ್ಲ. "ಎಂಟರಲ್ಲಿ ಕೂಸು ಮಲಗ್ತವೆ ಕಣವ್ವ. ಜಾಗ ಸಾಲಾಕಿಲ್ಲ. ನೀನು ಉಣ್ಣು," ಎಂದಳು.

ವಿಜಯಮ್ಮ ಉಣ್ಣಲಿಲ್ಲ. ಎಡಮಗ್ಗುಲಾಗಿ ಮಲಗಿ ನೋಡಿದಳು. ಬೆಲ್ಲ ತಿಂದು ತಣ್ಣೀರು ಕುಡಿದು ನೋಡಿದಳು. ಹೊನ್ನಯ್ಯ ಹೊಟ್ಟೆಯ ಹತ್ತಿರ ಬಾಗಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, "ಲೇ ಮಗಾ, ಏಳ್ಲಾ," ಎಂದು ಕರೆದ. ಏನೂ ಆಗಲಿಲ್ಲ. ಅವಳ ಕಣ್ಣಿಂದ ನೀರು ಕಿವಿಯ ಕಡೆ ಹರಿಯುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ. ಹೊನ್ನಯ್ಯನಿಗೆ ಹೆದರಿಕೆಯಾಯಿತು. ಮೂರು ತಿಂಗಳಿಂದ ನನ್ನ ಕೈಗೆ ಸಿಗಲಿಲ್ಲ ಎಂದು ಸಿಟ್ಟು ಮಾಡಿಕೊಂಡಿದ್ದೇನಲ್ಲ, ಇನ್ನು ಯಾರ ಕೈಗೂ ಸಿಗದೆ ಹೋದರೆ ಏನು ಗತಿ ಎಂದುಕೊಂಡ.

"ಆಸ್ಪತ್ರೆಗೆ ಓಗನ," ಎಂದು ಎದ್ದ. "ಜಟಕಾ ಕರ್ಕಂಡ್ ಬತ್ತೀನಿ."

ಶಂಕರಮ್ಮ ಬಂದು ಬಾಗಿಲಿಗೆ ಅಡ್ಡ ನಿಂತಳು. "ಅಮಾಸೆ ದಿನ, ಎಂಟರಲ್ಲಿರೋ ಬಸ್ರೀನ ಒಸಲು ದಾಟುಸ್ತೀಯಾ? ನಾಳೆ ಹೊತ್ತುಟ್ಲಿ, ನಾನೇ ಬತ್ತೀನಿ ಜೊತೇಲಿ."

"ನಾಳೆಗಂಟ ಎಂಗವ್ವ ಇರಾದು?"

"ಇರ್ಬೇಕು. ಎಲ್ರೂ ಇದ್ದೀವಿ."

ಆಗ ವಿಜಯಮ್ಮ ಮಲಗಿದ್ದಲ್ಲಿಂದಲೇ ಮಾತಾಡಿದಳು. "ಅತ್ತೆ, ಒಸಲು ದಾಟಾಕಿಲ್ಲ, ಬುಡಿ. ಒಂದ್ ಗಳಿಗೆ ಮಗ್ಗ ಆಡ್ಸಿ ನೋಡ್ಲಿ. ಅದಕ್ ಬುದ್ಧಿ ಇದ್ರೆ ಏಳ್ತದೆ. ಏಳ್ನಿಲ್ಲ ಅಂದ್ರೆ…"

ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

ಶಂಕರಮ್ಮನ ಮುಖ ಬಿಗಿಯಿತು. "ಇದು ಅದಕ್ಕಿಂತ ಚೆಂದಾಗದೆ. ಕುಂಕುಮ ಇಟ್ಟಿರೋ ಮಗ್ಗದ ಮ್ಯಾಲೆ ಕೈ ಆಕದಾ? ಎದುರು ಮನೇಲಿ ಕುಲದ ಯಜಮಾನ್ರು ಕುಂತವ್ರೆ. ಬೀದಿನೇ ಬಂದು ಬಾಗ್ಲಲ್ಲಿ ನಿಂತ್ಕತದೆ."

ಹೊನ್ನಯ್ಯ ಇಬ್ಬರ ನಡುವೆ ನಿಂತ. ಅವನು ಅದುವರೆಗೆ ತಾನಾಗಿ ಏನನ್ನೂ ನಿರ್ಧಾರ ಮಾಡಿದವನಲ್ಲ. ಹೆಣ್ಣನ್ನು ಆರಿಸಿದವಳು ತಾಯಿ. ಸೀರೆಯ ಬಣ್ಣ, ಅಂಚು, ಸೆರಗು ಸಾಹುಕಾರರ ಇಷ್ಟ. ಯಾವ ದಿನ ನೇಯಬೇಕು, ಯಾವ ದಿನ ಬೇಡ ಎಂಬುದು ಕುಲದ್ದು. ಸಿಟ್ಟು ಬಂದರೆ ಗುಂಡಿಗೆ ಇಳಿದು ಹಲಗೆಯನ್ನು ಜೋರಾಗಿ ಬಡಿಯುತ್ತಿದ್ದ, ಅವನ ಜೋರೆಲ್ಲ ಅಷ್ಟೇ. ಇವತ್ತು ಅದಕ್ಕೂ ದಾರಿ ಇರಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಸೂರಿನ ಕಡೆ ನೋಡುತ್ತಿದ್ದಳು.

ಅವನು ಹೋಗಿ ಪಂಚೆಯನ್ನು ತೆಗೆದು ಬದಿಗಿಟ್ಟ. ಸಿಕ್ಕಿಸಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು ಗೂಡಿನಲ್ಲಿ ಇಟ್ಟ. ಗುಂಡಿಗೆ ಇಳಿದ.

"ಬ್ಯಾಡ ಕಣ್ಲಾ," ಎಂದಳು ಶಂಕರಮ್ಮ. ಆದರೆ ಹಿಡಿದು ನಿಲ್ಲಿಸಲಿಲ್ಲ.

ಮೊದಲ ಬಡಿತ ಆ ಬೀದಿಯಲ್ಲಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ ಹೊನ್ನಯ್ಯನಿಗೇ ಗಾಬರಿಯಾಯಿತು. ಬೇರೆ ದಿನ ಮನೆಮನೆಯ ಮಗ್ಗದ ಸದ್ದಿನಲ್ಲಿ ತನ್ನದು ಯಾವುದು ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಇವತ್ತು ಇದ್ದದ್ದು ಅದೊಂದೇ. ಅವನು ನಿಲ್ಲಿಸಲಿಲ್ಲ. ವಿಜಯಮ್ಮ ಕೈಯೂರಿ ಎದ್ದು ಬಂದು ತನ್ನ ಜಾಗದಲ್ಲಿ ಕೂತಳು. ಎರಡು ಕೈಯಿಂದಲೂ ಹೊಟ್ಟೆಯನ್ನು ಹಿಡಿದುಕೊಂಡಳು.

ದಡ್, ದಡ್ ಎಂದು ಹಲಗೆ ಬಡಿಯುತ್ತಲೇ ಇತ್ತು. ಅವನು ನೇಯ್ಗೆಯನ್ನು ನೋಡಲಿಲ್ಲ, ಅವಳ ಮುಖವನ್ನೇ ನೋಡಿದ. ಒಂದು ಕಂಡಿಕೆ ಮುಗಿಯಿತು. ಇನ್ನೊಂದು ಹಾಕಿದ. ಅವಳು ತಲೆ ಅಲ್ಲಾಡಿಸಿದಳು, ಇಲ್ಲ. ಎದುರು ಮನೆಯ ಬಾಗಿಲು ತೆರೆದದ್ದು ಕೇಳಿಸಿತು. ಯಾರೋ ಯಾರನ್ನೋ ಕೂಗಿದರು.

ಶಂಕರಮ್ಮ ಗೋಡೆಗೆ ಒರಗಿ ನಿಂತಿದ್ದವಳು ಹಾಗೆಯೇ ಕುಸಿದು ಸೊಸೆಯ ಪಕ್ಕದಲ್ಲಿ ಕೂತಳು. ಕೈ ಚಾಚಿ ಅವಳ ಕೆಳಹೊಟ್ಟೆಯ ಮೇಲೆ ಇಟ್ಟಳು.

"ಇವ್ನಿಗಿಂತ ಮುಂದಾಗಿ ನಂಗೊಂದಾಗಿತ್ತಲ್ಲ," ಎಂದಳು, ಮಗನಿಗೂ ಅಲ್ಲ, ಸೊಸೆಗೂ ಅಲ್ಲ ಎಂಬಂತೆ. "ಅದೂ ಇಂಗೇ ಸುಮ್ಕಾಯ್ತು. ನಮ್ಮತ್ತೆ, ಮಲಗ್ಕಂಡದೆ ಕಣೆ, ಉಣ್ಣು ಅಂದ್ರು. ನಾನು ಉಂಡೆ."

ಹೊನ್ನಯ್ಯನಿಗೆ ತನಗಿಂತ ಮೊದಲು ಒಂದು ಕೂಸಿತ್ತು ಎಂದು ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಅವನ ಕಾಲು ಒಂದು ಕ್ಷಣ ತಪ್ಪಿತು.

"ನಿಲ್ಲಿಸ್ಬ್ಯಾಡ. ಜೋರಾಗಿ ಒಡಿ," ಎಂದಳು ತಾಯಿ.

ಜೋರಾಗಿ ಹೊಡೆದ. ಮರ ಕಿರುಗುಟ್ಟಿತು. ಅಂಚಿನಲ್ಲಿ ಒಂದೆಳೆ ಪಟ್ಟೆಂದು ಕಿತ್ತು ಹೋಯಿತು, ಅವನು ಅದನ್ನು ಗಮನಿಸಲೂ ಇಲ್ಲ. ಬಾಗಿಲಲ್ಲಿ ನೆರಳು ಬಿತ್ತು. ಕುಲದ ಯಜಮಾನ ಗೋವಿಂದಯ್ಯ ಮೇಲುಹೊದಿಕೆ ಸರಿಮಾಡಿಕೊಳ್ಳುತ್ತಾ ಹೊಸಲಿನ ಮೇಲೆ ನಿಂತಿದ್ದರು. ಅವರ ಹಿಂದೆ ನಾಲ್ಕಾರು ತಲೆಗಳು.

"ಏನಯ್ಯ ಇದು? ನಮ್ಮ ತಾತ ಮುತ್ತಾತನ ಕಾಲದಿಂದ ಯಾರೂ ಮಾಡ್ದೇ ಇರೋದ್ನ ನೀನ್ ಮಾಡ್ತಿದ್ದೀಯಲ್ಲ, ಇವತ್ತು ಯಾವ ದಿನ ಅಂತ ಗೊತ್ತದಾ ನಿಂಗೆ?"

ಹೊನ್ನಯ್ಯ ಹಲಗೆ ಬಡಿಯುತ್ತಲೇ ಇದ್ದ. ಅವನ ಕಣ್ಣು ಹೆಂಡತಿಯ ಮುಖದ ಮೇಲಿತ್ತು. ಆ ಮುಖದಲ್ಲಿ ಹುಬ್ಬು ಸ್ವಲ್ಪ ಎದ್ದಿತು. ಬಾಯಿ ಅರ್ಧ ತೆರೆಯಿತು. ಅವಳು ಏನೂ ಹೇಳುವ ಮೊದಲೇ ಶಂಕರಮ್ಮ, "ಅಯ್ ನನ್ ಕಂದ," ಎಂದಳು. ಹಾಗೆನ್ನುತ್ತಾ ಅತ್ತಳು. ಸೊಸೆಯೂ ಅತ್ತಳು. ಅತ್ತೆ ಸೊಸೆ ಇಬ್ಬರ ಕೈಯೂ ಒಂದರ ಮೇಲೊಂದು ಇತ್ತು, ಹೊಟ್ಟೆಯ ಮೇಲಿನ ಸೀರೆ ಅವುಗಳ ಕೆಳಗೆ ಜಿಗಿದದ್ದು ಗುಂಡಿಯಲ್ಲಿದ್ದವನಿಗೂ ಕಂಡಿತು.

"ಒದೀತದಾ?" ಎಂದ.

"ಒದೀತದೆ ಕಣ್ರಿ," ಎಂದಳು ವಿಜಯಮ್ಮ. "ಚೆನ್ನಾಗ್ ಒದೀತದೆ."

ಅವನ ಎರಡು ಕೈಯೂ ಕೆಲಸದಲ್ಲಿದ್ದವು. ಬಿಟ್ಟರೆ ನಿಲ್ಲುತ್ತದೆ ಎಂಬ ಹೆದರಿಕೆಗೆ ಬಿಡಲಿಲ್ಲ. ಮುಖದ ಮೇಲಿನ ಬೆವರನ್ನೋ ಕಣ್ಣೀರನ್ನೋ ತೋಳಿಗೆ ಒರೆಸಿಕೊಂಡು ಹಗ್ಗ ಎಳೆಯುತ್ತಲೇ ಇದ್ದ.

ಶಂಕರಮ್ಮ ಅವನನ್ನು ನೋಡಿದಳು. ಮೂಗು ಒರೆಸಿಕೊಂಡು ಎದ್ದು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು.

"ಏಳ್ಲಾ ಮ್ಯಾಕೆ."

"ಯಾಕವ್ವ? ಈಗ ತಾನೆ—"

"ಏಳು ಅಂದೆ."

ಅವನು ಎದ್ದ. ಶಂಕರಮ್ಮ ಗುಂಡಿಯ ಅಂಚಿನಲ್ಲಿ ಕೂತು ಒಂದೊಂದೇ ಕಾಲನ್ನು ಒಳಗೆ ಬಿಟ್ಟಳು. ಗಂಡ ಬದುಕಿದ್ದಾಗ, ಅವನು ಊರಲ್ಲಿ ಇಲ್ಲದ ದಿನ, ಯಾರಿಗೂ ಹೇಳದೆ ಅವಳು ಅಷ್ಟಿಷ್ಟು ನೇಯ್ದವಳು. ಹಗ್ಗ ಹಿಡಿದಳು. ಲಾಳಿ ಅರ್ಧಕ್ಕೆ ಹೋಗಿ ನಿಂತಿತು. ಕೈಯಲ್ಲೇ ತಳ್ಳಿ ಇನ್ನೊಮ್ಮೆ ಎಳೆದಳು. ಈ ಸಲ ಆ ತುದಿಗೆ ಮುಟ್ಟಿತು. ದಡ್ ಎಂದಿತು ಹಲಗೆ. ತಡೆದು, ಮತ್ತೆ ದಡ್ ಎಂದಿತು.

"ಶಂಕರಮ್ಮ, ನೀನೂನಾ?" ಎಂದರು ಗೋವಿಂದಯ್ಯ.

ಅವಳು ತಲೆ ಎತ್ತಲಿಲ್ಲ. "ಏನ್ ದಂಡ ಆಕ್ತೀಯೋ ನಾಳೆ ಆಕಣ್ಣ, ಕಟ್ತೀವಿ. ಈಗ ಬಾಗ್ಲಲ್ಲಿ ನಿಂತ್ಕಂಡು ಬೆಳಕಿಗೆ ಅಡ್ಡ ಬರ್ಬ್ಯಾಡ. ನಂಗೆ ಎಳೆ ಕಾಣಾಕಿಲ್ಲ."

ಹೊನ್ನಯ್ಯ ಹೆಂಡತಿಯ ಮುಂದೆ ಮಂಡಿಯೂರಿದ್ದ. ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಅಷ್ಟು ಜನ ನೋಡುತ್ತಿದ್ದರೂ ವಿಜಯಮ್ಮ ಅವನ ಬಲಗೈಯನ್ನು ಹಿಡಿದು, ಹೊಟ್ಟೆಯ ಎಡಕ್ಕೆ, ಪಕ್ಕೆಲುಬಿನ ಕೆಳಗೆ ಒತ್ತಿ ಇಟ್ಟುಕೊಂಡಳು. ಅವನು ಕಾದ. ಅವನ ಅಂಗೈಯ ಕೆಳಗೆ ಏನೋ ಒಂದು, ಸಣ್ಣದು, ಗಟ್ಟಿಯಾದದ್ದು, ಮೆಲ್ಲಗೆ ಒತ್ತಿ ನೋಡಿ ಜಾರಿತು. ಆಮೇಲೆ ಬಲವಾಗಿ ಒದೆಯಿತು.

"ಅವ್ವಾ," ಎಂದ ಹೊನ್ನಯ್ಯ. "ನಿಲ್ಲಿಸ್ಬ್ಯಾಡ."

ಹೊಸಲಿನ ಮೇಲಿದ್ದ ಗೋವಿಂದಯ್ಯ ಹಿಂದಿದ್ದವರಿಗೂ ಕೈಸನ್ನೆ ಮಾಡಿ, ಬಾಗಿಲಿನಿಂದ ಒಂದು ಪಕ್ಕಕ್ಕೆ ಸರಿದು ನಿಂತರು. ಬೆಳಕು ಒಳಗೆ ಬಂದು ಎಳೆಗಳ ಮೇಲೆ ಬಿತ್ತು.